ಒಂದ್ಸಲ ನಿಮಗೆ, ಒಂದ್ಸಲ ನಮಗೆ: ಬೋರ್ಡು ಬರೆಸುವವರಿಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕೋಲಾರ ಜಿಲ್ಲೆಯ ಕಚೇರಿ, ಬ್ಯಾಂಕು, ನಿಗಮ, ಸಂಘಗಳಲ್ಲಿ ಬೋರ್ಡು ಬರೆಸುವ, ಫಾರಂ ಅಚ್ಚು ಹಾಕಿಸುವ, ಸುತ್ತೋಲೆಗೆ ಸಹಿ ಮಾಡುವ ಎಲ್ಲರಿಗೂ.

ಮಾನ್ಯರೇ,

ವಿಷಯ: ‘ಎಂಎಸ್‌ಪಿ ಬೆಲೆ’ (ಅಂದರೆ ಕನಿಷ್ಠ ಬೆಂಬಲ ಬೆಲೆ) ಎನ್ನುವವರನ್ನು ಕಂಡು ನಗುವುದನ್ನು ಬಿಟ್ಟು, ಬೋರ್ಡಿನಿಂದ ‘ಎಂಎಸ್‌ಪಿ’ಯನ್ನೇ ತೆಗೆಸುವ ಕುರಿತು.

ಒಬ್ಬರ ಹೆಸರಿಗೆ ಬರೆದರೆ ‘ಇದು ನಮ್ಮ ಶಾಖೆಗೆ ಬರುವುದಿಲ್ಲ’ ಎಂದು ಪಕ್ಕದ ಟೇಬಲ್ಲಿಗೆ ಸರಿಸುವ ಸೌಕರ್ಯ ಇರುತ್ತದೆ. ಎಲ್ಲರಿಗೂ ಒಟ್ಟಿಗೇ ಬರೆಯುತ್ತಿರುವುದು ಅದಕ್ಕೇ. ನಾನು ಅರ್ಜಿ ಬರೆದುಕೊಡುವವನು. ಒಂದು ಮೇಜು, ಒಂದು ಕುರ್ಚಿ, ಬಂದವರಿಗೆ ಒಂದು ಸ್ಟೂಲು, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಪಹಣಿ ತಿದ್ದುಪಡಿ, ಪೌತಿ ಖಾತೆ, ವೃದ್ಧಾಪ್ಯ ವೇತನ, ಬೆಳೆ ಪರಿಹಾರ, ಯಾವುದೇ ಇರಲಿ, ನಿಮ್ಮ ಫಾರಮ್ಮೂ ಜನರ ಬಾಯಿಮಾತೂ ಮೊದಲು ಎದುರುಬದುರಾಗುವುದು ನನ್ನ ಮೇಜಿನ ಮೇಲೆ. ಆ ಜಾಗದಿಂದ ಕಂಡದ್ದನ್ನು ಹೇಳುತ್ತಿದ್ದೇನೆ.

ಈಚೆಗೆ ರಾಗಿ ಖರೀದಿಗೆ ಹೆಸರು ಬರೆಸುವ ಸಾಲಿನಲ್ಲಿ ಒಬ್ಬ ಅಜ್ಜ ಕೇಳಿದರು: “ಈ ಸಲ ಎಂಎಸ್‌ಪಿ ಬೆಲೆ ಎಷ್ಟು ಸಾರ್?” ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ತಲೆಯೆತ್ತಿದ. “ಅಜ್ಜ, ಎಂಎಸ್‌ಪಿ ಅಂದ್ರೇನೇ ಬೆಲೆ. ಪಿ ಅಂದ್ರೆ ಪ್ರೈಸು. ಬೆಲೆ ಬೆಲೆ ಅಂತ ಎರಡೆರಡು ಸಲ ಯಾಕೆ ಹೇಳ್ತೀರಾ?” ಸಾಲಿನಲ್ಲಿದ್ದವರು ನಕ್ಕರು. ಅಜ್ಜ ತಮ್ಮ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, “ಒಂದ್ಸಲ ನಿಮ್ಗೆ, ಒಂದ್ಸಲ ನಮ್ಗೆ ಇರ್ಲಿ ಬಿಡಪ್ಪ” ಅಂದರು. ಈಗ ನಗುವ ಸರದಿ ಹುಡುಗನದು. ಪಾಪ, ಅವನೂ ಮನಸಾರೆ ನಕ್ಕ.

ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಮೂರನೇ ಅಕ್ಷರದಲ್ಲಿ ಬೆಲೆ ಇದೆ, ಮತ್ತೆ ಬೆಲೆ ಎಂದರೆ ಪುನರುಕ್ತಿ. ಇಂಗ್ಲಿಷಿನವರು ಈ ಚಾಳಿಗೆ ಒಂದು ಹೆಸರನ್ನೂ ಇಟ್ಟಿದ್ದಾರೆ: ‘ರಾಸ್ ಸಿಂಡ್ರೋಮ್’. ರಾಸ್ ಎಂಬುದರ ವಿಸ್ತರಣೆ ‘ರಿಡಂಡೆಂಟ್ ಆಕ್ರೊನಿಮ್ ಸಿಂಡ್ರೋಮ್’, ಅಂದರೆ ರೋಗದ ಹೆಸರಿಗೇ ಆ ರೋಗ ತಗುಲಿದೆ. 2001ರಲ್ಲಿ ‘ನ್ಯೂ ಸೈಂಟಿಸ್ಟ್’ ಪತ್ರಿಕೆಯ ತಮಾಷೆಯ ಅಂಕಣವೊಂದರಲ್ಲಿ ಹುಟ್ಟಿದ ಮಾತಿದು; ಬೇಕೆಂದೇ ಹಾಗೆ ಇಟ್ಟದ್ದು. ಎಟಿಎಂ ಮಷಿನ್, ಪಿನ್ ನಂಬರ್, ಎಲ್‌ಸಿಡಿ ಡಿಸ್‌ಪ್ಲೇ, ಎಚ್‌ಐವಿ ವೈರಸ್ ಎಂದು ಇಂಗ್ಲಿಷು ತಾಯ್ನುಡಿಯಾದವರೇ ದಿನವಿಡೀ ಹೇಳುತ್ತಾರೆ. ಆದ್ದರಿಂದ ಇದು ನಮ್ಮ ಅಜ್ಜನ ಅನಕ್ಷರತೆ ಎಂದು ಯಾರೂ ತಿಳಿಯಬೇಕಾಗಿಲ್ಲ.

ಆದರೆ ನಮ್ಮಲ್ಲಿ ಇದರ ಬಗೆ ಬೇರೆ. ಅವರದು ಇಂಗ್ಲಿಷಿನ ಮೇಲೆ ಇಂಗ್ಲಿಷು. ನಮ್ಮದು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳ ಬೆನ್ನಿಗೆ ಕನ್ನಡದ ಒಂದು ಪದ: ಇಎಂಐ ಕಂತು, ಜಿಎಸ್‌ಟಿ ತೆರಿಗೆ, ಎಲ್‌ಪಿಜಿ ಅನಿಲ, ಆರ್‌ಟಿಸಿ ಪಹಣಿ, ಎನ್‌ಜಿಒ ಸಂಸ್ಥೆ. ಇಸ್ರೊ ಸಂಸ್ಥೆ ಎಂದು ಪತ್ರಿಕೆಗಳೇ ಬರೆಯುತ್ತವೆ, ಕೊನೆಯ ‘ಒ’ದಲ್ಲೇ ಸಂಸ್ಥೆ ಅಡಗಿದ್ದರೂ. ಈ ಜೋಡಿಗಳಲ್ಲಿ ಮೊದಲರ್ಧ ಕಚೇರಿಯಿಂದ ಬಂದದ್ದು, ಎರಡನೆಯರ್ಧ ಜನ ಸೇರಿಸಿಕೊಂಡದ್ದು. ಯಾಕೆ ಸೇರಿಸಿಕೊಂಡರು ಎಂಬುದನ್ನು ಕೇಳಿಸಿಕೊಂಡವರು ಕಡಿಮೆ.

ಎಪಿಎಂಸಿಯನ್ನೇ ತೆಗೆದುಕೊಳ್ಳಿ. ಟೊಮೆಟೊ ಕಾಲದಲ್ಲಿ ಕೋಲಾರದ ಅರ್ಧ ಮಾತುಕತೆ ಅದರದ್ದೇ. ‘ಎಪಿಎಂಸಿ ಮಾರ್ಕೆಟ್’ ಎಂದರೆ ಓದಿದ ಮಕ್ಕಳು ಮನೆಯಲ್ಲಿ ತಿದ್ದುತ್ತಾರೆ, ‘ಎಂ’ ಅಂದರೆ ಮಾರ್ಕೆಟ್ಟೇ ಅಪ್ಪಾ ಎಂದು. ಸರಿ, ಆಮೇಲೆ ಬರುವ ‘ಸಿ’? ಅದು ಕಮಿಟಿ. ಅಕ್ಷರಗಳ ಲೆಕ್ಕದಲ್ಲಿ ಎಪಿಎಂಸಿ ಎಂಬುದು ಒಂದು ಸಮಿತಿ, ಜಾಗವಲ್ಲ. ಹದಿನೈದು ಕೆಜಿಯ ಬಾಕ್ಸುಗಳನ್ನು ಟೆಂಪೋಗೆ ತುಂಬಿಸಿ ಬೆಳಗಿನ ಜಾವ ಹೊರಟ ರೈತ ಸಮಿತಿಯ ಸದಸ್ಯರ ಮುಂದೆ ಸುರಿಯಲು ಹೋಗುತ್ತಿಲ್ಲ. ಹರಾಜು ಕೂಗುವ ಮಂಡಿಗೆ ಹೋಗುತ್ತಿದ್ದಾನೆ. ಅಂದಮೇಲೆ ಅವನ ‘ಮಾರ್ಕೆಟ್’ ಹೆಚ್ಚಿನ ಪದವೇ ಅಲ್ಲ. ತಿದ್ದಿದ ಮಗನಿಗಿಂತ ಅಪ್ಪನೇ ಸರಿ.

ಇನ್ನು ಟಿಸಿ. ಈ ಎರಡಕ್ಷರದಷ್ಟು ನನ್ನ ತಲೆ ತಿಂದದ್ದು ಬೇರೆ ಯಾವುದೂ ಇಲ್ಲ. ಶಾಲೆಯಲ್ಲಿ ಟಿಸಿ ಎಂದರೆ ವರ್ಗಾವಣೆ ಪತ್ರ. ಹೊಲದಲ್ಲಿ ಟಿಸಿ ಎಂದರೆ ಟ್ರಾನ್ಸ್‌ಫಾರ್ಮರು. ಬಸ್ ನಿಲ್ದಾಣದಲ್ಲಿ ಟಿಸಿ ಎಂದರೆ ಬಸ್ಸು ಬಿಡುವ ಹೊತ್ತು ಬರೆದುಕೊಳ್ಳುವ ಕಂಟ್ರೋಲರು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಟಿಕೆಟ್ ನೋಡುವವರು. “ಟಿಸಿ ಸುಟ್ಟೋಗದೆ, ಒಂದು ಅರ್ಜಿ ಬರ್ಕೊಡಣ್ಣ” ಎಂದು ಯಾರಾದರೂ ಬಂದರೆ ಶಾಲೆಗೆ ಬರೆಯಬೇಕೋ ವಿದ್ಯುತ್ ಕಚೇರಿಗೆ ಬರೆಯಬೇಕೋ ಅವರ ಮುಖ ನೋಡಿಯೇ ಊಹಿಸಬೇಕು. ಅದಕ್ಕೇ ಜನ ‘ಟಿಸಿ ಸರ್ಟಿಫಿಕೇಟು’ ಎನ್ನುತ್ತಾರೆ. ಸರ್ಟಿಫಿಕೇಟು ಎರಡು ಸಲ ಬಂತು ಎಂದು ನೀವು ಎಣಿಸುತ್ತೀರಿ. ಸುಟ್ಟದ್ದು ಕಾಗದ, ತಂತಿಯಲ್ಲ ಎಂದು ನನಗೆ ಗೊತ್ತಾಯಿತು.

ಆರ್‌ಟಿಸಿಯ ಕಥೆಯೂ ಅದೇ. ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಗೆ ಇಂಗ್ಲಿಷಿನಲ್ಲಿಟ್ಟ ಉದ್ದದ ಹೆಸರಿನ ತುಣುಕು ಅದು. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಿಂದ ಬಂದವರಿಗೆ ಆರ್‌ಟಿಸಿ ಎಂದರೆ ಮೊದಲು ಕಣ್ಣೆದುರು ಬರುವುದು ಬಸ್ಸು. ಆಚೆಯ ಆಂಧ್ರದಲ್ಲಿ ಸರ್ಕಾರಿ ಬಸ್ಸಿಗೆ ಅದೇ ಹೆಸರು. ‘ಆರ್‌ಟಿಸಿ ಪಹಣಿ’ ಎಂದರೆ ಗೊಂದಲವಿಲ್ಲ. ಬರೀ ಪಹಣಿ ಎಂದರೆ ಇನ್ನೂ ಗೊಂದಲವಿಲ್ಲ. ನಮ್ಮ ಹಿರಿಯರು ಬರೀ ‘ಪಾಣಿ’ ಎಂದೇ ಬಾಳಿ ಹೋದರು, ಜಮೀನು ಎಲ್ಲಿಗೂ ಓಡಿಹೋಗಲಿಲ್ಲ.

ಪಿನ್ ವಿಷಯದಲ್ಲಿ ಮಾತ್ರ ನಗುವಂಥದ್ದು ಏನೂ ಇಲ್ಲ. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಜಾರಿಗೆ ತಂದಿತು: ಪೋಸ್ಟಲ್ ಇಂಡೆಕ್ಸ್ ನಂಬರ್. ಕಾರ್ಡು ಬಂದಮೇಲೆ ಬ್ಯಾಂಕಿನವರದು ಇನ್ನೊಂದು ಪಿನ್: ಪರ್ಸನಲ್ ಐಡೆಂಟಿಫಿಕೇಷನ್ ನಂಬರ್. ಒಂದು ಊರಿಗೆಲ್ಲ ಸಾರುವಂಥದ್ದು, ಇನ್ನೊಂದು ಹೆಂಡತಿಗೂ ಹೇಳಬಾರದು ಎಂದು ಬ್ಯಾಂಕೇ ಹೇಳುವಂಥದ್ದು. ಎರಡಕ್ಕೂ ಒಂದೇ ಹೆಸರು ಬಿದ್ದಾಗ ಜನ ಯಾರನ್ನೂ ಕೇಳದೆ ತಾವೇ ಒಂದು ವ್ಯವಸ್ಥೆ ಮಾಡಿಕೊಂಡರು. ಕಾಗದಕ್ಕೆ ‘ಪಿನ್ ಕೋಡು’, ಕಾರ್ಡಿಗೆ ‘ಪಿನ್ ನಂಬರು’. ವ್ಯಾಕರಣ ಬಲ್ಲವರು ಎರಡನೆಯದನ್ನು ಪುನರುಕ್ತಿ ಎನ್ನಲಿ. ಈ ಹೆಚ್ಚುವರಿ ಪದಗಳ ಮೇಲೇ ಎರಡೂ ಪಿನ್ನುಗಳ ನಡುವಿನ ಬೇಲಿ ನಿಂತಿದೆ. ಖಾಸಗಿ ಹಣಕಾಸು ಸಂಸ್ಥೆಯೊಂದರ ಸಾಲದ ಫಾರಮ್ಮಿನಲ್ಲಿ ವಿಳಾಸದ ಕೆಳಗೆ ಬರೀ ‘ಪಿನ್’ ಎಂದು ಅಚ್ಚಾಗಿತ್ತು. ಮಹಿಳಾ ಸಂಘದ ಒಬ್ಬ ಅಕ್ಕ ಆ ಚೌಕಗಳಲ್ಲಿ ನಾಲ್ಕನ್ನು ನೀಟಾಗಿ ತುಂಬಿ, ಉಳಿದೆರಡಕ್ಕೆ ಏನು ಬರೆಯಬೇಕು ಎಂದು ನನ್ನನ್ನು ಕೇಳಲು ಬಂದರು. ಅದು ಅವರ ಎಟಿಎಂ ಕಾರ್ಡಿನ ಗುಟ್ಟು. ಫಾರಂ ಹರಿದು ಹೊಸದು ತರಿಸಿದೆವು.

ಒಟಿಪಿಯೂ ಇದೇ ಜಾತಿ. “ಒಟಿಪಿ ಹೇಳಿ” ಎಂದು ಫೋನಿನಲ್ಲಿ ಯಾರಾದರೂ ಕೇಳಿದರೆ ಅದೇನೋ ರಸೀದಿ ನಂಬರು ಎಂಬಂತೆ ಜನ ಓದಿ ಹೇಳಿಬಿಡುತ್ತಾರೆ. ‘ಒಂದು ಸಲದ ಗುಪ್ತಸಂಖ್ಯೆ ಹೇಳಿ’ ಎಂದು ಕೇಳಿದ್ದರೆ? ಗುಪ್ತ ಎಂಬ ಪದ ಕಿವಿಗೆ ಬಿದ್ದ ತಕ್ಷಣ ಯಾರಾದರೂ ಒಂದು ಗಳಿಗೆ ತಡೆದು ನಿಲ್ಲುತ್ತಾರೆ. ಮೋಸಗಾರನಿಗೆ ಮೂರಕ್ಷರ ಹೇಳಿಕೊಟ್ಟು ಕೆಲಸ ಹಗುರ ಮಾಡಿದ್ದು ನೀವು.

ಈಗ ನಿಮ್ಮ ಕಡೆಗೆ ಬರೋಣ. ಪುನರುಕ್ತಿ ಜನರದ್ದು ಮಾತ್ರ ಎಂದುಕೊಂಡಿದ್ದರೆ ನಿಮ್ಮ ಸುತ್ತೋಲೆಗಳನ್ನು ಒಮ್ಮೆ ಓದಿ. ‘ಪಿಡಿಒ ಅಧಿಕಾರಿಗಳು ಕಡ್ಡಾಯವಾಗಿ ಹಾಜರಿರತಕ್ಕದ್ದು’. ‘ಒ’ದಲ್ಲೇ ಒಬ್ಬ ಅಧಿಕಾರಿ ಕೂತಿದ್ದಾರೆ, ಅವರ ತಲೆಯ ಮೇಲೆ ಇನ್ನೊಬ್ಬರನ್ನು ಕೂರಿಸಿದ್ದೀರಿ. ‘ಡಿಬಿಟಿ ಮೂಲಕ ನೇರವಾಗಿ ಖಾತೆಗೆ ವರ್ಗಾವಣೆ’. ಡಿ ಎಂದರೆ ನೇರ, ಟಿ ಎಂದರೆ ವರ್ಗಾವಣೆ. ಎರಡನ್ನೂ ಎರಡೆರಡು ಸಲ ಹೇಳಿಯೂ ದುಡ್ಡು ಬಂದಿಲ್ಲ ಎಂದು ಕೇಳಲು ಬರುವವರು ನನ್ನ ಸ್ಟೂಲಿನ ಮೇಲೇ ಕೂರುತ್ತಾರೆ. ಜನ ಪದ ಸೇರಿಸುವುದು ಅರ್ಥವಾಗಲಿ ಎಂದು. ನೀವು ಸೇರಿಸುವುದು, ನಿಮಗೂ ಆ ಅಕ್ಷರಗಳ ಅರ್ಥ ಮರೆತುಹೋಗಿದೆ ಎಂಬುದಕ್ಕೆ ಸಾಕ್ಷಿ.

ನೀರಿನ ಮಾತಿಗೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅಂದಿನಿಂದ ಭಾಷಣ, ಪ್ರಕಟಣೆ, ಬ್ಯಾನರು ಎಲ್ಲೆಡೆ ಒಂದೇ ಮಾತು: ‘ಪ್ರತಿದಿನ 440 ಎಂಎಲ್‌ಡಿ’. ಎಂಎಲ್‌ಡಿಯ ಕೊನೆಯ ಅಕ್ಷರವೇ ‘ದಿನಕ್ಕೆ’ (ಮೊದಲೆರಡು ಮಿಲಿಯನ್, ಲೀಟರ್). ಹಾಗಾಗಿ ಪ್ರತಿದಿನ ಎಂಬುದು ಹೆಚ್ಚಾಯಿತು, ಒಪ್ಪಿದೆ. ಆದರೆ ಆ ಸಾಲಿನಲ್ಲಿ ಕೆರೆಯ ಅಂಗಳದ ರೈತನಿಗೆ ಅರ್ಥವಾಗುವ ಪದ ಇರುವುದೇ ಅದೊಂದು. ಅದನ್ನು ತೆಗೆದರೆ ಉಳಿಯುವುದು ‘440 ಎಂಎಲ್‌ಡಿ’. ನಾಲ್ಕುನೂರ ನಲವತ್ತು ಏನು? ಕೊಡವೋ, ಟ್ಯಾಂಕರೋ? ‘ದಿನಕ್ಕೆ 44 ಕೋಟಿ ಲೀಟರ್’ ಎಂದು ಬರೆದು ನೋಡಿ. ಅಷ್ಟೇ ಜಾಗ ಹಿಡಿಯುತ್ತದೆ, ಹಾಲು ಅಳೆಯುವ ಹೆಂಗಸಿಗೂ ಅರ್ಥವಾಗುತ್ತದೆ.

ಅದರ ಪಕ್ಕದಲ್ಲೇ, ಪಶ್ಚಿಮಘಟ್ಟದ ನೀರನ್ನು ಇತ್ತ ತರುವ ಎತ್ತಿನಹೊಳೆ ಯೋಜನೆಯ 24 ಟಿಎಂಸಿ. ಇಲ್ಲೊಂದು ತಮಾಷೆ ಇದೆ. ‘ಟಿಎಂಸಿ ಅಡಿ’ ಎಂದರೆ ಹೆಚ್ಚಾಯಿತು ಎಂದು ಕೆಲವರು ಅಡಿಯನ್ನು ಹೊಡೆದುಹಾಕುತ್ತಾರೆ. ನಿಜದಲ್ಲಿ ಟಿಎಂಸಿ ಎಂಬುದು ‘ಸಾವಿರ ಮಿಲಿಯನ್ ಘನ’ ಎಂಬಲ್ಲಿಗೇ ನಿಲ್ಲುತ್ತದೆ. ಅಡಿ ಸೇರಿದರೆ ಮಾತ್ರ ಅಳತೆ ಪೂರ್ತಿ. ಪುನರುಕ್ತಿಯಂತೆ ಕಾಣುವ ಕಡೆ ಪುನರುಕ್ತಿಯೇ ಇಲ್ಲ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,830 ಕೋಟಿ ಲೀಟರ್. ಕೆ.ಸಿ. ವ್ಯಾಲಿಯ 440 ಎಂಎಲ್‌ಡಿ ವರ್ಷವಿಡೀ ಒಂದು ದಿನವೂ ತಪ್ಪದೆ ಹರಿದರೆ ಐದೂವರೆ ಟಿಎಂಸಿ ಅಡಿ ದಾಟುತ್ತದೆ. ಈ ಎರಡು ಯೋಜನೆಗಳ ನೀರನ್ನು ಹೋಲಿಸಿ ನೋಡುವ ಹಕ್ಕು ಕೋಲಾರದ ಪ್ರತಿಯೊಬ್ಬರಿಗೂ ಇದೆ. ಒಂದನ್ನು ದಿನದ ಲೆಕ್ಕದಲ್ಲಿ ಮೂರು ಅಕ್ಷರ, ಇನ್ನೊಂದನ್ನು ವರ್ಷದ ಲೆಕ್ಕದಲ್ಲಿ ಬೇರೆ ಮೂರು ಅಕ್ಷರ ಮಾಡಿಟ್ಟರೆ ಹೋಲಿಸುವವರು ಯಾರು? ಕೆ.ಸಿ. ವ್ಯಾಲಿಯ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೋ ಬೇಡವೋ ಎಂಬ ಜಗಳ ನಮ್ಮಲ್ಲಿ ಇನ್ನೂ ತಣ್ಣಗಾಗಿಲ್ಲ. ಎಷ್ಟು ನೀರು ಎಂಬುದಾದರೂ ಎಲ್ಲರಿಗೂ ಒಂದೇ ಭಾಷೆಯಲ್ಲಿ ಗೊತ್ತಿದ್ದರೆ ಜಗಳವಾದರೂ ನೆಟ್ಟಗೆ ಆಡಬಹುದು.

ಅಕ್ಷರ ಸೇರಿ ಪದವಾಗಿಬಿಟ್ಟರೆ ಇನ್ನೊಂದು ಫಜೀತಿ. ರೈತರ ನೋಂದಣಿಗೆ ‘ಫ್ರೂಟ್ಸ್’ ಎಂದು ಹೆಸರಿಟ್ಟಿದ್ದೀರಿ. ಉದ್ದದ ಇಂಗ್ಲಿಷ್ ಹೆಸರೊಂದನ್ನು ಹಣ್ಣು ಎಂಬ ಅರ್ಥ ಬರುವ ಹಾಗೆ ಎಳೆದು ಹೊಂದಿಸಿದ್ದು. “ಫ್ರೂಟ್ಸ್ ಐಡಿ ಮಾಡಿಸಿದ್ದೀರಾ” ಎಂದು ನಾನು ಕೇಳಿದರೆ ಒಬ್ಬ ಅಮ್ಮ ಹೇಳಿದರು: “ನಮ್ದು ರಾಗಿ ಹೊಲ ಕಣಪ್ಪ. ಬದುವಿನ ಮೇಲೆ ಎರಡೇ ಎರಡು ಮಾವಿನ ಮರ ಅವೆ, ಅದುಕ್ಕೂ ಬರೆಸ್ಬೇಕಾ?” ಮಾವಿಗೆ ಹೆಸರಾದ ಶ್ರೀನಿವಾಸಪುರದ ಕಡೆಯವರು, ಕೇಳಿದ್ದರಲ್ಲಿ ಏನು ತಪ್ಪು? ಅದರ ನಂಬರಿಗೆ ‘ಎಫ್‌ಐಡಿ ನಂಬರ್’ ಎನ್ನುತ್ತೀರಿ, ಅಲ್ಲಿಗೆ ಗುರುತು ಒಂದು ಸಲ, ಸಂಖ್ಯೆ ಒಂದು ಸಲ, ರೈತ ಮಾತ್ರ ಒಂದು ‘ಎಫ್’ನೊಳಗೆ ಅಡಗಿ ಕೂರುತ್ತಾನೆ. ‘ರೈತರ ಗುರುತಿನ ಸಂಖ್ಯೆ’ ಎಂದರೆ ಏನು ಕಡಿಮೆಯಾಗುತ್ತಿತ್ತು?

ವಿಎಸ್‌ಎಸ್‌ಎನ್ ಅಂತೂ ವಿಚಿತ್ರದ ಪರಮಾವಧಿ. ವ್ಯವಸಾಯ ಸೇವಾ ಸಹಕಾರ ಸಂಘ ನಿಯಮಿತ, ಐದೂ ನಾವು ದಿನಾ ಓದುವ ಕನ್ನಡದ ಪದಗಳು. ಅವುಗಳ ಮೊದಲಕ್ಷರವನ್ನು ಇಂಗ್ಲಿಷಿಗೆ ಒಯ್ದು, ಮೂರು ‘ಎಸ್’ಗಳಲ್ಲಿ ಒಂದನ್ನು ದಾರಿಯಲ್ಲೇ ಉದುರಿಸಿ, ಮತ್ತೆ ಕನ್ನಡದಲ್ಲಿ ‘ವಿಎಸ್‌ಎಸ್‌ಎನ್’ ಎಂದು ಬೋರ್ಡು ಬರೆಸಿದಿರಿ. ಹಳ್ಳಿಯವರು ಅದರ ಕಡೆ ತಲೆಯೆತ್ತಿಯೂ ನೋಡದೆ ‘ಸೊಸೈಟಿ’ ಎಂದರು. ತೀರಾ ನಿಮ್ಮ ಮನಸ್ಸಿಗೆ ಬೇಸರವಾಗಬಾರದು ಎಂದಾಗ ‘ವಿಎಸ್‌ಎಸ್‌ಎನ್ ಸೊಸೈಟಿ’.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಉದ್ದದ ಹೆಸರನ್ನು ಚಿಕ್ಕದು ಮಾಡಲು ಜನರಿಗೆ ಬರುವುದಿಲ್ಲ ಎಂದಲ್ಲ. ನೀವು ಚಿಕ್ಕದು ಮಾಡುವಾಗ ಅಕ್ಷರ ಉಳಿಸಿ ಅರ್ಥ ಬಿಸಾಡುತ್ತೀರಿ. ಅವರು ಅರ್ಥವಿರುವ ಪದವನ್ನು ಉಳಿಸಿ ಮಿಕ್ಕದ್ದನ್ನು ಬಿಸಾಡುತ್ತಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ನಿಮ್ಮ ಕೈಯಲ್ಲಿ ‘ನರೇಗಾ’ ಆಯಿತು, ಅವರ ಬಾಯಲ್ಲಿ ‘ಖಾತ್ರಿ ಕೆಲಸ’ ಆಯಿತು. ಕನಿಷ್ಠ ಬೆಂಬಲ ಬೆಲೆ ‘ಬೆಂಬಲ’ ಆಯಿತು. ಪಡಿತರ ಚೀಟಿ ‘ಕಾರ್ಡು’, ಗ್ರಾಮ ಪಂಚಾಯಿತಿ ‘ಪಂಚಾಯ್ತಿ’. ಕನ್ನಡದಲ್ಲೇ ಮಾಡಿದ ಕಿರುರೂಪಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ ನೋಡಿ. ‘ಗ್ರಾ.ಪಂ.’, ‘ಜಿ.ಪಂ.’ ಎಂದು ಬರೆದಿದ್ದರೂ ಓದುವಾಗ ಬಾಯಿ ತಾನಾಗಿ ಪೂರ್ತಿ ಹೆಸರನ್ನೇ ಹೇಳುತ್ತದೆ. ‘ಗ್ರಾ.ಪಂ. ಪಂಚಾಯಿತಿ’ ಎಂದವರನ್ನು ನಾನು ಈವರೆಗೆ ಕಂಡಿಲ್ಲ.

ಅಕ್ಷರಗಳು ಹಳೆಯದಾಗಿ ಹೆಸರೇ ಆಗಿಬಿಟ್ಟಿದ್ದರೆ ಅದು ಬೇರೆ ಮಾತು. ಕೆಜಿಎಫ್‌ನಲ್ಲಿ ಕೋಲಾರವೂ ಇದೆ, ಚಿನ್ನವೂ ಇದೆ. ಆದರೂ ‘ಕೋಲಾರದ ಕೆಜಿಎಫ್ ಚಿನ್ನದ ಗಣಿ’ ಎಂದರೆ ಯಾರ ಕಿವಿಗೂ ಚುಚ್ಚುವುದಿಲ್ಲ, ಅದು ಈಗ ಒಂದು ಊರು. ಗಣಿ 2001ರಲ್ಲಿ ಮುಚ್ಚಿತು, ಅಕ್ಷರ ಉಳಿಯಿತು. ಕರೆಂಟು ಹೋದರೆ ಈಗಲೂ ‘ಕೆಇಬಿಗೆ ಫೋನ್ ಮಾಡು’ ಎನ್ನುತ್ತೇವೆ, ಆ ಬೋರ್ಡು 1999ರಲ್ಲೇ ನಿಗಮವಾಗಿ ಬದಲಾಗಿದ್ದರೂ. ಅಂಥವನ್ನು ಕೆದಕಿ ಅಂತ ನಾನು ಹೇಳುತ್ತಿಲ್ಲ.

ಮಾತಿನಲ್ಲಿ ಒಂದು ಪದ ಹೆಚ್ಚು ಬಂದರೆ ಕನ್ನಡಕ್ಕೆ ಎಂದೂ ಭಾರವಾಗಿಲ್ಲ. ‘ಕಾಗದಪತ್ರ’ ಎನ್ನುತ್ತೇವಲ್ಲ, ನಿಮ್ಮ ಕಚೇರಿಯಲ್ಲೇ ದಿನಕ್ಕೆ ನೂರು ಸಲ? ಎರಡೂ ಒಂದೇ. ಬಂಧುಬಳಗವೂ ಹಾಗೇ. ನಮ್ಮ ಜಿಲ್ಲೆಯಲ್ಲಿ ಹರಿದು ತಮಿಳುನಾಡಿಗೆ ಹೋಗುವ ಪಾಲಾರ್‌ನ ‘ಆರ್’ ಎಂದರೆ ತಮಿಳಿನಲ್ಲಿ ಹೊಳೆ ಎಂದೇ. ನಾವು ‘ಪಾಲಾರ್ ನದಿ’ ಎನ್ನುತ್ತೇವೆ. ಚಿಕ್ಕಬಳ್ಳಾಪುರದವರು ಸ್ಕಂದಗಿರಿ ಬೆಟ್ಟ ಹತ್ತುತ್ತಾರೆ. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಸುವ ಈ ಸೀಮೆಯಲ್ಲಿ, ಗೊತ್ತಿಲ್ಲದ ಪದದ ಪಕ್ಕ ಗೊತ್ತಿರುವ ಪದವನ್ನು ನಿಲ್ಲಿಸುವುದು ಬಹಳ ಹಳೆಯ ರೂಢಿ. ನಿಮ್ಮ ಇಂಗ್ಲಿಷ್ ಅಕ್ಷರಗಳಿಗೂ ಜನ ಅದೇ ಮರ್ಯಾದೆ ತೋರಿಸಿದ್ದಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಎರಡರಲ್ಲಿ ಒಂದನ್ನು ಕತ್ತರಿಸಲೇಬೇಕು ಎಂದಾದರೆ ಕತ್ತರಿ ಹಾಕಬೇಕಾದ್ದು ಅಕ್ಷರಕ್ಕೆ, ಪದಕ್ಕಲ್ಲ. ‘ಎಂಎಸ್‌ಪಿ ಬೆಲೆ’ಯಲ್ಲಿ ಎಂಎಸ್‌ಪಿ ಹೋಗಲಿ, ಬೆಂಬಲ ಬೆಲೆ ಇರಲಿ. ‘ಇಎಂಐ ಕಂತು’ ಕಂತಾಗಲಿ, ‘ಆರ್‌ಟಿಸಿ ಪಹಣಿ’ ಪಹಣಿಯಾಗಲಿ. 1963ರಿಂದ ಕನ್ನಡ ಆಡಳಿತ ಭಾಷೆ ಎಂಬ ಕಾಯ್ದೆ ಇದೆ. ಲಿಪಿ ಮಾತ್ರ ಕನ್ನಡವಾದರೆ ಕಾಯ್ದೆಯ ಹೊಟ್ಟೆ ತುಂಬಿತು ಎಂದುಕೊಳ್ಳಬೇಡಿ. ಹಣ, ಗುಟ್ಟು, ಅಳತೆ ಈ ಮೂರರ ವಿಷಯದಲ್ಲಂತೂ ಅಕ್ಷರಗಳನ್ನು ಒಂಟಿಯಾಗಿ ಬಿಡಲೇಬೇಡಿ: ಫಾರಮ್ಮಿನಲ್ಲಿ ‘ಅಂಚೆ ಪಿನ್ ಕೋಡ್’ ಎಂದೇ ಅಚ್ಚು ಹಾಕಿಸಿ, ನೀರಿಗೆ ಲೀಟರಿನ ಲೆಕ್ಕ ಕೊಡಿ. ಎಟಿಎಂ, ಪ್ಯಾನ್ ಥರದವು ಬೇರೂರಿವೆ, ಇರಲಿ. ಅವುಗಳ ಮುಂದೆ ಯಾರಾದರೂ ‘ಮಷಿನ್’, ‘ನಂಬರ್’ ಎಂದರೆ ಕೌಂಟರಿನಲ್ಲಿ ಕೂತವರು ಪಾಠ ಮಾಡದಿದ್ದರೆ ಸಾಕು.

ಇನ್ನು ಮುಂದೆ ಬೋರ್ಡಿನ ಸಾಲನ್ನು ಪೇಂಟರಿಗೆ ಕೊಡುವ ಮೊದಲು ಹೊರಗೆ ಸಾಲಿನಲ್ಲಿ ನಿಂತ ಯಾರಿಗಾದರೂ ಒಮ್ಮೆ ಓದಿಸಿ. ಅವರು ಎಲ್ಲಿ ತಮ್ಮದೊಂದು ಪದ ಸೇರಿಸಿ ಓದುತ್ತಾರೋ ಆ ಪದವನ್ನೇ ಬರೆಸಿ. ಇದರಿಂದ ನನ್ನ ಗಿರಾಕಿ ಕಡಿಮೆಯಾಗಬಹುದು ಎಂದು ಜೆರಾಕ್ಸ್ ಅಂಗಡಿಯವನು ಎಚ್ಚರಿಸಿದ್ದಾನೆ. ನಿಮ್ಮ ಸರ್ವರ್ ಡೌನ್ ಆಗುತ್ತಿರುವವರೆಗೆ ನನ್ನ ಸ್ಟೂಲು ಖಾಲಿ ಬೀಳುವುದಿಲ್ಲ ಎಂದು ಅವನಿಗೆ ಧೈರ್ಯ ಹೇಳಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಅರ್ಜಿ ಬರೆದುಕೊಡುವವ,
ಕೋಲಾರ